ಟಿಕಳಿ ಅಂಟಿಸುವ ಜಾಗ

ಬ್ಲೌಸಿಗೆ ಅಳತೆ ತೆಗೆಯುವಾಗ ನಾನು ಟೇಪಿನ ಒಂದು ಕೊನೆಯನ್ನು ಹೆಗಲ ಮೇಲೆ, ಕುತ್ತಿಗೆಯ ಬುಡಕ್ಕೆ ಹಿಡಿದು, ಅಲ್ಲಿಂದ ನೇರ ಕೆಳಗೆ ಎದೆಯ ತುದಿಯವರೆಗೆ ಎಳೆಯುತ್ತೇನೆ. ಆಮೇಲೆ ಆ ತುದಿಯಿಂದ ಈ ತುದಿಗೆ ಅಡ್ಡ ಅಳತೆ. ನಮ್ಮ ಕಸುಬಿನಲ್ಲಿ ಅದಕ್ಕೆ ಪಾಯಿಂಟ್ ಎನ್ನುತ್ತೇವೆ. ಬಟ್ಟೆ ಮಡಿಚಿ ಹೊಲಿಯುವ ಚೂಪು ಟಕ್ಸುಗಳೆಲ್ಲ ಅಲ್ಲಿಗೇ ಬಂದು ಸೇರಬೇಕು. ಪಾಯಿಂಟ್ ತಪ್ಪಿತೋ, ಎಂಥ ರೇಷ್ಮೆಯಾದರೂ ಜೋಲು ಬೀಳುತ್ತದೆ. ಶಿರಸಿಯಲ್ಲಿ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು, ಪಾಯಿಂಟ್ ತಪ್ಪಿದೆ ಎಂದು ನನ್ನ ಹತ್ತಿರ ಬ್ಲೌಸು ವಾಪಸು ತಂದವರು ಕಡಿಮೆ.

ಹೋದ ವರ್ಷದ ಮದುವೆ ಸೀಸನ್ನಿನಲ್ಲಿ ಸಿದ್ದಾಪುರ ಕಡೆಯ ಹುಡುಗಿಯೊಬ್ಬಳು ತನ್ನ ಮದುವೆ ಬ್ಲೌಸು ಹೊಲಿಸಲು ಬಂದಿದ್ದಳು. ಟೇಪು ಎಳೆಯುತ್ತಿದ್ದಾಗ ತಲೆ ತಗ್ಗಿಸಿ ಪಿಸುಗುಟ್ಟಿದಳು.

"ಅಕ್ಕಾ, ಅಲ್ಲಿ ಎಂತದೂ ಕಾಣಬಾರ್ದು. ಡಬಲ್ ಲೈನಿಂಗ್ ಹಾಕಿ. ಪ್ಯಾಡ್ ಇಟ್ರೂ ಅಡ್ಡಿಲ್ಲೆ."

ಹೂಂ ಎಂದೆ. ಇದೇನು ಹೊಸದಲ್ಲ. ಬಂದವರೆಲ್ಲ ಕೇಳುವುದು ಇದನ್ನೇ. ಕಾಣಬಾರದು, ಎದ್ದು ತೋರಬಾರದು, ಮುಚ್ಚಿ. ಇಷ್ಟು ವರ್ಷ ಮರುಮಾತಿಲ್ಲದೆ ಲೈನಿಂಗಿನ ಮೇಲೆ ಲೈನಿಂಗ್ ಹಾಕಿ ಕೊಟ್ಟಿದ್ದೇನೆ. ಆ ದಿನ ಮಾತ್ರ ಮೈಯೆಲ್ಲ ಉರಿಯಿತು. ಆ ಹುಡುಗಿಗೆ ಏನು ಗೊತ್ತು, ಪಾಪ. ಅವಳ ಎದೆಯ ಮೇಲೆ ಟೇಪು ಹಿಡಿದು ನಿಂತವಳ ಎಡಗಡೆ ಆ ಪಾಯಿಂಟೇ ಇರಲಿಲ್ಲ.

ಅದಕ್ಕೂ ಎರಡು ವರ್ಷ ಮೊದಲು ನನ್ನ ಎಡ ಮೊಲೆಯಲ್ಲಿ ಗಂಟು ಸಿಕ್ಕಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಪೂರ್ತಿ ತೆಗೆದು, ಅದೇ ಆಪರೇಷನ್ನಿನಲ್ಲಿ ಕಿಬ್ಬೊಟ್ಟೆಯ ಮಾಂಸ, ಚರ್ಮ ತಂದು ಎದೆ ಕಟ್ಟಿದರು. ಆಮೇಲೆ ಕೀಮೋ, ಆಮೇಲೆ ರೇಡಿಯೇಶನ್ನು. ನಮ್ಮ ಕಡೆ ಜನ ಅದನ್ನು ಕರೆಂಟು ಕೊಡುವುದು ಎನ್ನುತ್ತಾರೆ. ಕೂದಲು ಹೋಗಿ ಮತ್ತೆ ಬಂತು, ಉಗುರು ಕಪ್ಪಾಗಿ ಮತ್ತೆ ತಿಳಿಯಾಯಿತು. ಬ್ಲೌಸು ಹಾಕಿಕೊಂಡರೆ ಎರಡೂ ಕಡೆ ತುಂಬಿಕೊಂಡೇ ಕಾಣುತ್ತದೆ. ಬಿಚ್ಚಿದರೆ ಎಡಗಡೆ ಅಡ್ಡ ಹೊಲಿಗೆ ಓಡಿದ ಬೋಳು ಉಬ್ಬು. ಮೊಲೆತೊಟ್ಟು ಇಲ್ಲ, ಅದರ ಸುತ್ತಲಿನ ಕಂದು ವೃತ್ತವೂ ಇಲ್ಲ.

ಮೊಲೆತೊಟ್ಟು ಎಂದೇ ಬರೆಯುತ್ತಿದ್ದೇನೆ. ಓದುವವರಿಗೆ ಮುಜುಗರವಾದರೆ ಆಗಲಿ. ಎಲ್ಲರ ಬಾಯಲ್ಲೂ 'ಅದು', 'ಅಲ್ಲಿ', 'ಆ ಜಾಗ' ಎಂದು ಕೇಳಿ ಕೇಳಿ ನನಗೆ ಸಾಕಾಗಿ ಹೋಗಿದೆ.

ಅದಕ್ಕಿಂತ ಸಾಕಾಗಿದ್ದು ಇನ್ನೊಂದು ಮಾತು. ಜೀವ ಉಳಿಯಿತಲ್ಲ. ಯಲ್ಲಾಪುರದಲ್ಲಿರುವ ನನ್ನ ಅಕ್ಕ ಫೋನು ಮಾಡಿದಾಗಲೆಲ್ಲ ಅದನ್ನೇ ಹೇಳುತ್ತಾಳೆ. ತೋಳು ಎತ್ತಲು ಆಗುತ್ತಿಲ್ಲ ಕಣೇ ಎಂದರೆ, "ಇರ್ಲಿ ಬಿಡು, ಜೀವ ಉಳೀತಲ್ಲ." ರಾತ್ರಿ ಮೈ ಉರಿಯುತ್ತದೆ ಎಂದರೂ ಅದೇ. ತೊಟ್ಟು ಕಟ್ಟಿಸಿಕೊಳ್ಳಬೇಕು ಎಂದಿದ್ದೇನೆ ಅಂದಾಗಲೂ ಅವಳು, "ಏ ಹುಚ್ಚಿ, ಜೀವ ಉಳೀತಲ್ಲ, ಅದು ಸಾಲ್ದೇನ ನಿನಗ?" ಎಂದಳು. ಸಾಲದು ಎಂದು ಹೇಳಿ ಫೋನು ಇಟ್ಟೆ. ಜೀವ ಉಳಿದದ್ದಕ್ಕೇ ಅಲ್ಲವೇ ಇದೆಲ್ಲ ಬೇಕಾಗುವುದು? ಹೋಗಿದ್ದರೆ ಯಾರು ಕೇಳುತ್ತಿದ್ದರು?

ಆಸ್ಪತ್ರೆಯಲ್ಲಿ ತೊಟ್ಟಿನ ಮಾತು ಎತ್ತಿದ ದಿನವೂ ಜಗಳದಿಂದಲೇ ಶುರುವಾಯಿತು. ಎದೆ ಕಟ್ಟಿದ ಪ್ಲಾಸ್ಟಿಕ್ ಸರ್ಜನ್ನು ಒಳ್ಳೆಯ ಮನುಷ್ಯ, ಚಿಕ್ಕ ವಯಸ್ಸು, ಕೈ ಬಹಳ ನಯ. ಆದರೆ ವಿವರ ಹೇಳಲು ಕುಳಿತಾಗ ಕುರ್ಚಿಯನ್ನು ನನ್ನ ಯಜಮಾನರ ಕಡೆ ತಿರುಗಿಸಿಕೊಂಡರು. ಯಜಮಾನರು ಬನವಾಸಿ ಕಡೆಯ ಅನಾನಸು, ಶುಂಠಿ ಕೊಂಡು ಮಾರುವವರು, ಮಂಡಿಯಲ್ಲಿ ನಾಲ್ಕು ಜನರ ದನಿ ಒಬ್ಬರೇ ಅಡಗಿಸುವವರು. ಅಲ್ಲಿ ಮಾತ್ರ ನೆಲ ನೋಡುತ್ತ ಒಂದೇ ಮಾತು. "ನಿಮಗ ಸರಿ ಕಂಡಂಗ ಮಾಡ್ರಿ ಡಾಕ್ಟ್ರ."

ಅವರಿಗೆ ಸರಿ ಕಂಡ ಹಾಗೆ ಮಾಡಲು ಇದೇನು ಅವರ ಎದೆಯೇ?

"ಡಾಕ್ಟ್ರೇ, ಇತ್ಲಾಗ ತಿರಗ್ರಿ" ಎಂದೆ. "ಎದಿ ನಂದು. ನನಗ ಹೇಳ್ರಿ."

ಆತ ಕೆಂಪಾದರು. ಆದರೆ ಕುರ್ಚಿ ತಿರುಗಿಸಿದರು, ಆಮೇಲೆ ಅವಸರವಿಲ್ಲದೆ ಹೇಳಿದರು. ಉಬ್ಬಿನ ಮೇಲಿನ ಚರ್ಮವನ್ನೇ ಸಣ್ಣಗೆ ಕತ್ತರಿಸಿ, ಬುಡ ಬಿಡಿಸದೆ ಮಡಿಚಿ, ಎಬ್ಬಿಸಿ ಹೊಲಿದು ತೊಟ್ಟು ಮಾಡಬಹುದು. ಇದು ನನಗೆ ಥಟ್ಟನೆ ಅರ್ಥವಾಯಿತು, ಬಟ್ಟೆಯಲ್ಲಿ ನಾನೂ ಇಂಥದ್ದು ಮಾಡುತ್ತೇನೆ. ಮೊದಮೊದಲು ದೊಡ್ಡದಾಗಿ ಕಾಣುತ್ತದೆ, ತಿಂಗಳು ಕಳೆದ ಹಾಗೆ ಅರ್ಧಕ್ಕೆ ಇಳಿಯುತ್ತದೆ, ಕೆಲವರಿಗೆ ಚಪ್ಪಟೆಯೇ ಆಗಿಬಿಡುತ್ತದೆ. ಮಾಯುವವರೆಗೆ ವಾರಗಟ್ಟಲೆ ಅದರ ಮೇಲೆ ಏನೂ ಒತ್ತಬಾರದು. ನನ್ನ ಚರ್ಮಕ್ಕೆ ಕರೆಂಟು ತಾಗಿರುವುದರಿಂದ ಗಾಯ ನಿಧಾನವಾಗಿ ಕೂಡುತ್ತದೆ, ಒಮ್ಮೊಮ್ಮೆ ಮಾಡಿದ ತೊಟ್ಟು ಕಪ್ಪಾಗಿ ಉದುರಿಯೂ ಹೋಗಬಹುದು.

ಬಲಗಡೆಯ ತೊಟ್ಟಿನಲ್ಲೇ ಸ್ವಲ್ಪ ಕತ್ತರಿಸಿ ಎಡಗಡೆ ಕೂರಿಸುವುದೂ ಇದೆಯಂತೆ. ಅದು ಬೇಡವೇ ಬೇಡ ಎಂದೆ. ನೆಟ್ಟಗಿರುವ ಒಂದಕ್ಕೂ ಕತ್ತರಿ ಹಾಕಿಸಿಕೊಳ್ಳಲು ನನಗೇನು ತಲೆ ಕೆಟ್ಟಿದೆಯೇ? ಸುತ್ತಲಿನ ವೃತ್ತಕ್ಕೆ ಮೊದಲೆಲ್ಲ ತೊಡೆಸಂದಿನ ಚರ್ಮ ತಂದು ಹಚ್ಚುತ್ತಿದ್ದರಂತೆ. ಈಗ ಹೆಚ್ಚಾಗಿ ಬಣ್ಣದ ಹಚ್ಚೆಯನ್ನೇ ಹಾಕುತ್ತಾರೆ. ಚರ್ಮ ಎಬ್ಬಿಸದೆ ಬರೀ ಹಚ್ಚೆಯಿಂದಲೇ, ಒಂದು ಕಡೆ ಗಾಢ ಒಂದು ಕಡೆ ತಿಳಿ ಬಣ್ಣ ತುಂಬಿ, ಎದ್ದಿರುವ ಹಾಗೆ ಕಾಣಿಸಲೂ ಬರುತ್ತದೆ. ನೋಡಿದರೆ ಇದೆ, ಮುಟ್ಟಿದರೆ ಇಲ್ಲ. ವರ್ಷ ಕಳೆದರೆ ಮಾಸುತ್ತದೆ, ಮತ್ತೆ ಹಾಕಿಸಬೇಕು. ಅಂಟಿಸಿ ತೆಗೆಯುವ ಸಿಲಿಕಾನಿನದೂ ಸಿಗುತ್ತದೆ. ಏನೂ ಬೇಡವೆಂದು ಹೀಗೇ ಇರುವವರೂ ಬೇಕಾದಷ್ಟು ಜನ, ಅದರಲ್ಲೂ ತಪ್ಪಿಲ್ಲ ಎಂದರು.

"ಮುಟ್ಟಿದ್ರ ಗೊತ್ತಾಗ್ತದೇನ್ರಿ, ಯಾವುದರಾಗಾದ್ರೂ?" ಎಂದು ಕೇಳಿದೆ.

"ಇಲ್ರಿ. ಮೊದ್ಲಿನಂಗ ಯಾವುದರಾಗೂ ಇಲ್ಲ."

ಅಷ್ಟು ನೇರವಾಗಿ ಹೇಳಿದ್ದಕ್ಕೆ ಆತನ ಮೇಲೆ ಸಿಟ್ಟೂ ಬಂತು, ಗೌರವವೂ ಬಂತು. ಯಾವುದು ಬೇಕು ಎಂದು ಯೋಚಿಸಿಕೊಂಡು ಬನ್ನಿ, ಜಾಗ ಮಾತ್ರ ನೀವೇ ಆರಿಸಬೇಕು ಎಂದರು. "ಮನ್ಯಾಗ ಕನ್ನಡಿ ಮುಂದ ಮೈಮ್ಯಾಲೆ ಏನೂ ಹಾಕ್ಕೊಳ್ಳದ ನಿಂದರ್ರಿ. ಒಂದು ಟಿಕಳಿ ಅಂಟಿಸಿ ನೋಡ್ರಿ. ಸರಿ ಕಂಡ ಜಾಗಕ್ಕ ಪೆನ್ನಿನಿಂದ ಗುರುತು ಹಾಕ್ಕೊಂಡ್ ಬರ್ರಿ." ಟಿಕಳಿ ಅಂದರೆ ಹಣೆಗೆ ಅಂಟಿಸಿಕೊಳ್ಳುವ ಸ್ಟಿಕ್ಕರ್ ಬೊಟ್ಟು. ನನಗೆ ನಗು ಬಂತು. ಯಜಮಾನರು ಇನ್ನೂ ನೆಲವನ್ನೇ ನೋಡುತ್ತಿದ್ದರು.

ಮನೆಯಲ್ಲಿ ಅತ್ತೆ ಇದ್ದಾರೆ. ಎಪ್ಪತ್ತೈದು ದಾಟಿದ್ದರೂ ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಚಹಾ ಮುಟ್ಟುವವರಲ್ಲ. ನನ್ನ ಕಾಯಿಲೆಯಲ್ಲಿ ಗಂಜಿ ಕುಡಿಸಿದವರು, ವಾಂತಿ ಬಳಿದವರು ಅವರೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ವಿಷಯ ಕಿವಿಗೆ ಬಿದ್ದ ದಿನ ಹಣೆಯ ವಿಭೂತಿ ಸುಕ್ಕುಗಟ್ಟುವ ಹಾಗೆ ಮುಖ ಮಾಡಿದರು.

"ಯಾರು ನೋಡಬೇಕಾಗೇತಿ ಅದನ್ನ?"

"ನಾನು ನೋಡಬೇಕಾಗೇತ್ರಿ ಅತ್ತಿ."

"ನೋಡಿ ಏನ್ ಮಾಡ್ತಿ? ಹಾಲು ಕುಡಸಾಕ ಕೂಸು ಐತೇನು? ಮಗಳಿಗೆ ಮದುವಿ ಆತು, ನಾಳೆ ಅಜ್ಜಿ ಆಗಾಕಿ ನೀನು."

ಅಜ್ಜಿಯಾಗುವವಳಿಗೆ ಮೊಲೆತೊಟ್ಟು ಇರಬಾರದು ಎಂದು ಎಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ಹಲ್ಲು ಬಿದ್ದಾಗ ಇದೇ ಅತ್ತೆ ಪಟ್ಟು ಹಿಡಿದು ಹಲ್ಲು ಕಟ್ಟಿಸಿಕೊಂಡಿದ್ದರು. ಅದನ್ನು ಹೇಳಿಯೂ ಹೇಳಿದೆ. ಹಲ್ಲು ಊಟಕ್ಕೆ ಬೇಕು ಎಂದರು. ಅಲ್ಲಿಂದ ಮುಂದೆ ಅಡಿಗೆಮನೆಯಲ್ಲಿ ಪಾತ್ರೆಗಳದ್ದೇ ಸದ್ದು. ಎದುರು ಸಿಕ್ಕಾಗಲೆಲ್ಲ ಅದೇ ಪ್ರಶ್ನೆ, ಯಾರು ನೋಡಬೇಕು, ಯಾರು ನೋಡಬೇಕು. ಯಜಮಾನರನ್ನು ಕೇಳಿದರೆ, "ನಿನಗ ಹ್ಯಾಂಗ ಬೇಕೋ ಹಾಂಗ ಮಾಡು" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು. ಕೇಳಲು ಚೆನ್ನಾಗಿಯೇ ಇದೆ. ಆದರೆ ಅದು ನನ್ನ ಬೆನ್ನಿಗೆ ನಿಂತ ಮಾತಲ್ಲ, ಜಾರಿಕೊಳ್ಳುವ ಮಾತು. ಆಪರೇಷನ್ ಆದಾಗಿನಿಂದ ಅವರು ನನ್ನ ಎದೆಯ ಕಡೆ ಒಮ್ಮೆಯೂ ನೋಡಿರಲಿಲ್ಲ. ನಾನು ಸೀರೆ ಬದಲಿಸಲು ಹೋದರೆ ಪಟಕ್ಕನೆ ಎದ್ದು ಪಡಸಾಲೆಗೆ ಹೋಗುತ್ತಿದ್ದರು.

ಮನೆಯಲ್ಲಿರುವುದು ಮುಖ ಕಾಣುವಷ್ಟೇ ಕನ್ನಡಿ. ಇಡೀ ಮೈ ಕಾಣುವುದು ನನ್ನ ಅಂಗಡಿಯ ಟ್ರಯಲ್ ರೂಮಿನಲ್ಲಿ ಮಾತ್ರ. ಹಾಗಾಗಿ ಒಂದು ಮಧ್ಯಾಹ್ನ, ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ, ಶಟರ್ ಅರ್ಧ ಎಳೆದು ಒಳಗೆ ಹೋದೆ. ಪಕ್ಕದ ಫ್ಯಾನ್ಸಿ ಸ್ಟೋರಿನಿಂದ ದೊಡ್ಡ ಟಿಕಳಿಯ ಪ್ಯಾಕೆಟ್ಟು ತಂದಿದ್ದೆ. ಕಂದು ಬಣ್ಣದ್ದೇ ಕೊಡು ಎಂದಿದ್ದಕ್ಕೆ ಆ ಹುಡುಗಿ, "ಯಾವ ಸೀರೆಗಕ್ಕಾ?" ಎಂದು ಕೇಳಿದ್ದಳು. ಏನು ಹೇಳಲಿ? ದಿನಾ ಉಡೋದಕ್ಕೆ ಎಂದಿದ್ದೆ.

ಜಾಗ ಕಂಡುಹಿಡಿಯುವುದು ನನಗೆ ಯಾವ ಲೆಕ್ಕ ಎಂದುಕೊಂಡಿದ್ದೆ. ಊರ ಹೆಂಗಸರ ಪಾಯಿಂಟ್ ಎಲ್ಲ ಗುರುತು ಹಾಕಿದವಳು, ನನ್ನದು ಗೊತ್ತಾಗುವುದಿಲ್ಲವೇ? ಕಾಯಿಲೆಗೆ ಮುಂಚೆ ನಾನೇ ಹೊಲಿದುಕೊಂಡ ಬ್ಲೌಸು ತಂದಿದ್ದೆ. ಅದರ ಟಕ್ಸು ಎಲ್ಲಿಗೆ ಸೇರುತ್ತದೆ ಎಂದು ಟೇಪು ಹಿಡಿದು ನೋಡಿಕೊಂಡೆ. ಅದೇ ಅಳತೆಯನ್ನು ಹೆಗಲಿನಿಂದ ಕೆಳಗೆ ಇಳಿಸಿ, ಬ್ರಾದ ಒಳಗೆ ಕೈ ತೂರಿಸಿ ಟಿಕಳಿ ಅಂಟಿಸಿದೆ. ಮತ್ತೊಮ್ಮೆ ಅಳೆದೆ, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆಮೇಲೆ ಬ್ರಾ ಬಿಚ್ಚಿ ಕನ್ನಡಿ ನೋಡಿದೆ.

ಟಿಕಳಿ ಎಲ್ಲೋ ಮೇಲೆ ಕೂತಿತ್ತು. ಬಲಗಡೆಯದು ಮಗಳಿಗೆ ಹಾಲು ಕುಡಿಸಿದ ಮೊಲೆ, ಬ್ರಾ ಬಿಚ್ಚಿದ ಕೂಡಲೇ ತನ್ನ ಜಾಗಕ್ಕೆ ಇಳಿದಿತ್ತು. ಎಡಗಡೆಯದು ಕರೆಂಟು ತಿಂದು ಬಿಗಿದದ್ದು, ಇದ್ದಲ್ಲೇ ನಿಂತಿತ್ತು. ಒಂದು ಕಣ್ಣು ಸೂರು ನೋಡುತ್ತಿದೆ, ಒಂದು ಕಣ್ಣು ನೆಲ ನೋಡುತ್ತಿದೆ, ಹಾಗೆ ಕಾಣುತ್ತಿತ್ತು. ನನ್ನ ಕಸುಬಿನ ಅಳತೆಯೆಲ್ಲ ಬ್ರಾ ಹಾಕಿದ ಮೈಗೆ. ಬರೀ ಮೈಗೆ ನಾನು ಯಾವತ್ತೂ ಅಳತೆ ಹಿಡಿದವಳಲ್ಲ. ಏನೂ ಹಾಕಿಕೊಳ್ಳದೆ ನಿಲ್ಲಿ ಎಂದು ಡಾಕ್ಟರು ಬಾಯಿ ಬಿಟ್ಟು ಹೇಳಿದ್ದರು. ನಾನು ಕೇಳಿಸಿಕೊಂಡದ್ದು ಟಿಕಳಿ ಒಂದನ್ನೇ.

ಕಿತ್ತು ಮತ್ತೆ ಅಂಟಿಸಿದೆ. ಬಲಗಡೆಯ ಸಮಕ್ಕೆ ಇಳಿಸಿದರೆ ಉಬ್ಬಿನ ಅಡಿಗೆ ಹೋಗಿ ಅಸಹ್ಯ ಕಾಣುತ್ತದೆ. ಉಬ್ಬಿನ ನಡುವೆ ಇಟ್ಟರೆ ಬಲಗಡೆಗೆ ಹೊಂದುವುದಿಲ್ಲ. ಎಲ್ಲಿತ್ತು ಅದು? ಐವತ್ತು ವರ್ಷ ನನ್ನ ಮೈಮೇಲೇ ಇದ್ದದ್ದು, ಎಲ್ಲಿತ್ತು ಎಂದು ನನಗೇ ಹೇಳಲು ಬರುತ್ತಿಲ್ಲ. ನೆಟ್ಟಗೆ ನಿಂತು ಅದನ್ನು ನೋಡಿಕೊಂಡವಳೇ ಅಲ್ಲ ನಾನು. ಟಿಕಳಿಯ ಅಂಟು ಹೋಗಿ ಅದು ಜಾರಿ ಕಾಲಬುಡಕ್ಕೆ ಬಿತ್ತು. ಟೇಪನ್ನು ಗೋಡೆಗೆ ಬೀಸಿ ಒಗೆದು ಸ್ಟೂಲಿನ ಮೇಲೆ ಕುಳಿತು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ.

ಅಷ್ಟರಲ್ಲಿ ಹೊರಗೆ ಶಟರ್ ಸದ್ದಾಯಿತು.

"ಏ, ಡಬ್ಬಿ ತಂದೇನಿ" ಎಂದರು ಯಜಮಾನರು. ಅತ್ತೆ ಊಟ ಕಳಿಸಿದ್ದರು. ಅವರು ಪರದೆಯ ಹತ್ತಿರ ಬಂದು ನಿಂತದ್ದು ಕೆಳಗಿನಿಂದ ಚಪ್ಪಲಿ ಕಂಡು ಗೊತ್ತಾಯಿತು.

"ಅಳಾಕತ್ತೀಯೇನ?"

"ಒಳಗ ಬರ್ರಿ" ಎಂದೆ.

ಬಂದರು. ಬಂದವರು ನನ್ನನ್ನು ನೋಡಿದ ಕೂಡಲೇ ತಿರುಗಿ ಹೊರಡಲು ಹೋದರು. ಕೈ ಹಿಡಿದು ನಿಲ್ಲಿಸಿದೆ.

"ನೋಡ್ರಿ. ಇವತ್ತ ನೋಡೇ ಹೋಗ್ಬೇಕು ನೀವು."

ಎಷ್ಟೋ ಹೊತ್ತು ಗೋಡೆಯನ್ನೇ ನೋಡಿದರು. ಆಮೇಲೆ ನೋಡಿದರು. ಹೊಸ ಟಿಕಳಿಯೊಂದನ್ನು ತೆಗೆದು, ಉಬ್ಬಿನ ನಡುವೆ ಅಂಟಿಸಿ, ಸರಿಯಿದೆಯಾ ಎಂದು ಕೇಳಿದೆ. ಅವರು ಡಬ್ಬಿಯನ್ನು ಕೆಳಗಿಟ್ಟು ಕೈ ಎತ್ತಿದರು, ಮುಟ್ಟಲಿಲ್ಲ, ಗಾಳಿಯಲ್ಲೇ ತೋರಿಸಿದರು.

"ಒಂದ್ ಬಟ್ಟು ಕೆಳಗ ಬರ್ಬೇಕು. ಮತ್ತ ಸ್ವಲ್ಪ ಬಗಲ ಕಡೀಗೆ. ನಿನ್ನವು ನಟ್ಟನಡುವ ಇರ್ಲಿಲ್ಲ. ಎರಡೂ ಹೊರಗ ಮುಖ ಮಾಡಿದ್ವು."

ಬಲಗಡೆ ನೋಡಿಕೊಂಡೆ. ಹೌದು, ಅದು ಹೊರಗೇ ಮುಖ ಮಾಡಿತ್ತು. ಪಾಯಿಂಟ್ ಎಂದರೆ ನಡುವೆ ಎಂದುಕೊಂಡ ನನಗೆ ಅದು ಹೊಳೆದೇ ಇರಲಿಲ್ಲ. ಎದೆಯಲ್ಲಿ ಏನೋ ಹಿತವಾಯಿತು. ಅದರ ಬೆನ್ನಿಗೇ ಮೊದಲಿಗಿಂತ ದೊಡ್ಡ ಸಿಟ್ಟು ಬಂತು.

"ಇಷ್ಟು ನೆನಪಿದ್ದವರು ಎರಡು ವರ್ಷ ಬಾಯಿ ಮುಚ್ಕೊಂಡ್ ಯಾಕ ಇದ್ರಿ? ನಾನು ಕಾಣ್ದಂಗ ಯಾಕ ಓಡಿಹೋಗ್ತಿದ್ರಿ?"

"ನೋಡಿದ್ರ ನಿನಗ ಕೆಟ್ಟ ಅನಸ್ತೈತೇನೋ ಅಂತ."

"ನೋಡದಿದ್ರ ಚಲೋ ಅನಸ್ತೈತಿ ಅಂತ ಯಾರು ಹೇಳಿದ್ರು ನಿಮಗ?"

ಡಬ್ಬಿ ಎತ್ತಿಕೊಂಡು ಹೊರಗೆ ಹೋಗಿ ಹೊಲಿಗೆ ಮಷಿನ್ನಿನ ಪಕ್ಕ ಕುಳಿತರು. ಟಿಕಳಿಯನ್ನು ಒಂದು ಬೆರಳು ಕೆಳಗೆ ಇಳಿಸಿದೆ. ಬಗಲ ಕಡೆಗೆ ಅವರು ಹೇಳಿದಷ್ಟು ಸರಿಸಲಿಲ್ಲ, ನನ್ನ ಕಣ್ಣಿಗೆ ಹೊಂದುವಷ್ಟು ಸರಿಸಿದೆ. ಸುತ್ತಲೂ ಪೆನ್ನಿನಲ್ಲಿ ಗುರುತು ಹಾಕಿಕೊಂಡೆ. ಅಂದು ಇಬ್ಬರೂ ಒಂದೇ ಡಬ್ಬಿಯ ರೊಟ್ಟಿ ತಿಂದೆವು.

ಯಾವ ರೀತಿ ಎನ್ನುವುದು ಮಾತ್ರ ಬಾಕಿ ಇತ್ತು. ನನಗೆ ಎದ್ದಿರುವುದೇ ಬೇಕಿತ್ತು. ಈಗಲೂ ಬೇಕು, ಸುಳ್ಳು ಯಾಕೆ ಹೇಳಲಿ. ಆದರೆ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಸದಾ ಅಲ್ಲಿಗೇ ಬಂದು ತಾಗುತ್ತದೆ, ದಿನವೆಲ್ಲ ಬಗ್ಗಿ ಮಷಿನ್ ತುಳಿಯಬೇಕು, ಮೇಲೆ ಕರೆಂಟು ತಿಂದ ಚರ್ಮ. ಕಟ್ಟಿಸಿಕೊಂಡು, ಅದು ಕಪ್ಪಾಗಿ, ಎರಡನೇ ಸಲ ಕಳೆದುಕೊಳ್ಳುವ ಶಕ್ತಿ ನನಗೆ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಡಾಕ್ಟರು ಏನು ತೀರ್ಮಾನ ಮಾಡಿದಿರಿ ಎಂದು ಕೇಳಿದಾಗ ಯಜಮಾನರು ಅಭ್ಯಾಸಬಲದಿಂದ, "ನಿಮಗ ಸರಿ ಕಂಡಂಗ..." ಎಂದು ಶುರು ಮಾಡಿದವರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಬರೀ ಹಚ್ಚೆ ಸಾಕು ಎಂದೆ.

ಬಣ್ಣ ಹೊಂದಿಸುವುದಕ್ಕೆಂದು ಅಂಗಡಿಯಿಂದ ಕಂದು ದಾರದ ರೀಲುಗಳನ್ನು ಒಯ್ದಿದ್ದೆ, ಸೀರೆಗೆ ದಾರ ಹೊಂದಿಸುವ ಹಾಗೆ ಬಲಗಡೆಗೆ ಹಿಡಿದು ನೋಡಿದ್ದೆ. ಹಚ್ಚೆ ಹಾಕುವಾಕೆ ಅದರಲ್ಲಿ ಒಂದನ್ನೂ ಒಪ್ಪಲಿಲ್ಲ. ಚರ್ಮದೊಳಗೆ ಹೋದ ಬಣ್ಣ ಬೇರೆಯಾಗಿ ಕಾಣುತ್ತದೆ ಎಂದು ತಾನೇ ಕಲೆಸಿಕೊಂಡಳು. ಸೂಜಿ ಗುರ್ರೆನ್ನುತ್ತಿತ್ತು. ಹಲ್ಲು ಕಚ್ಚಿ ಕಾದೆ. ಏನೂ ಗೊತ್ತಾಗಲಿಲ್ಲ. ಮುಟ್ಟಿದರೆ ಗೊತ್ತಾಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಚುಚ್ಚಿದರೂ ಗೊತ್ತಾಗುವುದಿಲ್ಲ ಎಂದು ನಾನು ಯೋಚಿಸಿರಲಿಲ್ಲ. ನೋವಾಯಿತಾ ಎಂದು ಬಸ್ಸಿನಲ್ಲಿ ಯಜಮಾನರು ಕೇಳಿದರು. ಆಗಿದ್ದರೆ ಚೆನ್ನಾಗಿತ್ತು ಎಂದೆ.

ಹಚ್ಚೆಯ ಗಾಯ ಮಾಯ್ದು, ಸಿಪ್ಪೆ ಬಿಟ್ಟು, ಬಣ್ಣ ನಿಂತ ಮೇಲೆ ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಕೋಣೆಯಲ್ಲಿ ಸೀರೆ ಉಡುತ್ತಿದ್ದೆ, ಬ್ಲೌಸು ಇನ್ನೂ ತೊಟ್ಟಿರಲಿಲ್ಲ. ಅತ್ತೆ ಪೂಜೆ ಮುಗಿಸಿ ಬಾಗಿಲಲ್ಲಿ ನಿಂತರು.

"ಮುಗೀತೇನು ನಿಂದು? ಇಷ್ಟೆಲ್ಲಾ ಮಾಡಿ ಯಾರು ನೋಡಬೇಕು..."

"ನೀವು ನೋಡ್ರಿ" ಎಂದು ಸೆರಗು ಸರಿಸಿದೆ. ನನಗೂ ಹಟ ಏರಿತ್ತು.

ಬೈದುಕೊಂಡು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಬಾಗಿಲು ಹಾಕಿ ಒಳಗೆ ಬಂದರು. ಕಿಟಕಿಯ ಬೆಳಕಿಗೆ ನನ್ನನ್ನು ತಿರುಗಿಸಿ ನಿಲ್ಲಿಸಿ, ಕಣ್ಣು ಕಿರಿದು ಮಾಡಿ ನೋಡಿದರು. ಹೊಟ್ಟೆಯ ಉದ್ದ ಗಾಯ, ಎದೆಯ ಅಡ್ಡ ಗಾಯ, ಎಲ್ಲ ನೋಡಿದರು. ವಾಂತಿ ಬಳಿದ ಅತ್ತೆಯೂ ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

"ಆ ಕಡೀದು ತೋರ್ಸು" ಎಂದರು. ತೋರಿಸಿದೆ. ಅದನ್ನು ನೋಡಿದರು, ಇದನ್ನು ನೋಡಿದರು. ಬಾಯಿಯೊಳಗೆ ಏನೋ ಗೊಣಗಿ, ತಮ್ಮ ಬಲ ಮುಂಗೈಯನ್ನು ನನ್ನ ಮುಂದೆ ಹಿಡಿದರು. ಅಲ್ಲಿ ಹಸಿರು ಹಚ್ಚೆಯ ಚುಕ್ಕಿಗಳು ಇದ್ದವು, ಎಷ್ಟು ಮಾಸಿದ್ದವೆಂದರೆ ಇಷ್ಟು ವರ್ಷದಲ್ಲಿ ನಾನೇ ಸರಿಯಾಗಿ ಗಮನಿಸಿರಲಿಲ್ಲ.

"ಹಚ್ಚಿ ಮಾಸ್ತೈತಿ, ನೋಡ್ಕೊ. ನನಗ ಯಾರೂ ಮತ್ತ ಹಾಕಸ್ಲಿಲ್ಲ, ನಾನೂ ಕೇಳ್ಲಿಲ್ಲ. ಮಾಸಿದ್ರ ಸುಮ್ನ ಕುಂದರಬ್ಯಾಡ. ಹೋಗಿ ಮತ್ತ ಹಾಕಿಸ್ಕೊಂಡ್ ಬಾ."

ಈ ಮಾತನ್ನು ಆರು ತಿಂಗಳ ಹಿಂದೆ ಹೇಳಿದ್ದರೆ ಇವರ ಗಂಟು ಏನು ಹೋಗುತ್ತಿತ್ತು ಎಂದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅತ್ತೆ ನನ್ನ ಸೆರಗನ್ನು ಎತ್ತಿ ಹೆಗಲ ಮೇಲೆ ಹಾಕಿ, ಚಹಾ ಆರುತ್ತಿದೆ ಎಂದು ಹೊರಟುಹೋದರು.